ಒಂದು ಗೇಣು ಹಳದಿ

ಮೊದಲು ಹೋಗಿದ್ದು ಪುಂಡಿ.
ತುದಿ ಅಷ್ಟೇ. ಮೊಂಡ ಕತ್ತರಿ ಆಡಿಸಿದಂಗ
ಹರಕು ಅಂಚು.
ಮೇಕಿ ಅಂದ್ಕೊಂಡೆ, ಅಖ್ತರ್ ಬೀ ಜೋಡಿ ಜಗಳಾ ತೆಗೆದೆ.
ಆಕಿ ಎರಡೂ ಮೇಕಿ ಎಳಕೊಂಡು ಬಂದು
ನನ್ನ ಬಾಗಿಲಿಗೆ ನಿಲ್ಲಿಸಿ
"ಬಾಯಿ ಮೂಸಿ ನೋಡು" ಅಂದಳು.
ಮೂಸಿದೆ. ಪುಂಡಿ ಹುಳಿ ಇರಲಿಲ್ಲ.

ಮರುದಿನ ನಸುಕಿನಾಗ ಕಂಡವು.
ಚಿದ್ರಿಯ ಈ ಕಡಿ ಮನಿ ಹಿಂದ
ಬರೇ ಕೆಂಪು ಮುರುಮು, ಅದರಾಚೆ ಹುಲ್ಲು,
ಹುಲ್ಲಿನಿಂದ ಎದ್ದು ಬಂದಂಗ ಏಳು ಹೆಣ್ಣು ಚಿಗರಿ,
ಹಿಂದ ಒಂದು ಕರೀ ಗಂಡು,
ಕೊಂಬು ಹೊಸೆದ ಹುರಿ.
ಮೆಂತೆ ಮಡಿಯಾಗ ನಿಂತು
ಮದುವಿ ಪಂಕ್ತಿಗೆ ಕುಂತವರಂಗ
ಅವಸರವಿಲ್ಲದೆ ಉಣ್ಣಲತ್ತಿದ್ದವು.

ಡಬ್ಬಿ ಕಟ್ಟು ಅಂದ ಘಾಳೆಪ್ಪ.
ಡಾಲ್ಡಾ ಡಬ್ಬಿಯಾಗ ಹಳ್ಳು ಹಾಕಿ ಕಟ್ಟಿದೆ.
ದಿನಾ ನಮ್ಮ ತಲಿ ಮ್ಯಾಲ ವಾಯುಸೇನೆ ವಿಮಾನ ಸೀಳಕೊಂಡು ಹೋಗ್ತಾವ,
ಮಷೀನಿನ ಸೂಜಿ ತಾನಾಗೇ ನಡುಗ್ತದ.
ಅದರ ಕೆಳಗ ಹುಟ್ಟಿ, ಅದರ ಕೆಳಗ ಹಾಲು ಕುಡಿದ ಜೀವ
ನನ್ನ ಡಬ್ಬಿಗೆ ಕಿವಿ ಸುದ್ದಾ ಎತ್ತಲಿಲ್ಲ.

ಕ್ಷೌರದ ವೈಜಿನಾಥ ಒಂದು ಚೀಲ ಕೂದಲು ಕೊಟ್ಟ,
ಮನಷ್ಯಾನ ವಾಸನಿಗೆ ಬರಂಗಿಲ್ಲ ಅಂದ.
ಚಿಗರಿ ಬಂದವು. ಗಾಳಿನೂ ಬಂತು.
ಸುಗಲಾಬಾಯಿ ಜಂಪರಿನ ಕಂಕುಳಾಗ
ಯಾರದೋ ನರೆಗೂದಲು ಸಿಕ್ತು.

ಖಾರದ ನೀರು ಹೊಡೆದೆ. ಸೀನಿದ್ದು ನಾನು.

ಅರಣ್ಯದ ಗಾರ್ಡ್ ಬಂದ. ಕಲ್ಲು ಒಗೀಬ್ಯಾಡ್ರಿ, ಕೇಸಾಗ್ತದ ಅಂದ.
ನೋಟುಬುಕ್ಕಿನಾಗ ಬರಕೊಂಡ: ಮೆಂತೆ, ಒಂದು ಮಡಿ.
ಅಂದಾಜು ನುಕಸಾನ?
ಇಪ್ಪತ್ತು ರೂಪಾಯಿ ಅಂದೆ.
ಬರಿಯಲಾಕ ನಾಚಿ ಪೆನ್ನು ಮುಚ್ಚಿದ.

ಕಡೀಗೆ ಕಾರಂಜಾ ಕಡಿಯವರ ಹತ್ರ ಹಳೇ ಮೀನಿನ ಬಲಿ ತಂದೆ.
ಸುತ್ತ ಬಿಗಿದು, ಚಿಂದಿ ಕಟ್ಟಿದೆ, ಫಡಫಡ ಅನ್ನಲಿ ಅಂತ.
ಚಿಂದಿಗೆ ನನಗೇನು ಬರ?
ಕಾಟಿನ ಕೆಳಗ ಹನ್ನೆರಡು ವರ್ಷದ ಚೀಲ ಅದ:
"ತುಂಡು ಉಳೀಲಿಲ್ಲ ಬಾಯಿ" ಅಂತ
ಹೇಳಿ ಹೇಳಿ ಉಳಿಸಿದ ತುಂಡು.

ಮೂರನೇ ರಾತ್ರಿ ಬಲಿ ಒದ್ದಾಡ್ತು.
ಕರಿಯ ಸಿಕ್ಕಿದ್ದ. ಕೊಂಬಿನ ಒಂದೊಂದು ಸುತ್ತಿಗೂ ನೈಲಾನ್.
ಅಖ್ತರ್ ಬೀ ಎದ್ದು ಬಂದಳು, ಏನೂ ಕೇಳಲಿಲ್ಲ,
ತನ್ನ ಓಢಣಿ ಅದರ ಕಣ್ಣಿನ ಮ್ಯಾಲ ಹಾಕಿ ಕುತ್ತಿಗಿ ಒತ್ತಿ ಹಿಡಿದಳು.
ನಾನು ಕತ್ತರಿ ತಂದೆ, ಬಟ್ಟಿ ಬಿಟ್ಟು
ಕಾಗದಕ್ಕೂ ಮುಟ್ಟಿಸದ ಕತ್ತರಿ.
ಒಂದೊಂದೇ ಎಳಿ ಕೊಯ್ದೆ.
ಅದರ ಉಸುರು ನನ್ನ ಮುಂಗೈ ಮ್ಯಾಲ ಬಿಸಿಬಿಸಿ,
ನನ್ನದೇ ಮೆಂತೆ ವಾಸನಿ.
ಎದಿ ಹೊಡಕೊಳ್ಳೋದು, ಮಷೀನ್ ಖಾಲಿ ತುಳಿದಂಗ.

ಕಡೀ ಎಳಿ ಹರೀತೋ ಇಲ್ಲೋ,
ನಮ್ಮಿಬ್ಬರನ್ನೂ ಕೆಡವಿ ಹಾರಿತು.
ಓಢಣಿ ಮುಳ್ಳಿಗೆ ಬಿತ್ತು.
ಎಡಗೊಂಬಿನ ತುದಿಗೆ ಚಿಂದಿಯೊಂದು ಹಂಗೇ ಉಳೀತು.
ಬೆಳದಿಂಗಳಾಗ ಬಣ್ಣ ತಿಳೀಲಿಲ್ಲ.

ತಿಳಿದದ್ದು ಶುಕ್ರವಾರ, ಸುಗಲಾಬಾಯಿ ಬಂದಾಗ.
"ಕಮಠಾಣ ಬಸ್ಸಿನ ಕಿಡಕ್ಯಾಗಿಂದ ನೋಡಿದೆ,
ಕರೀ ಚಿಗರಿ, ಕೊಂಬಿಗೆ ಹಳದಿ.
ನನ್ನ ಮಗಳ ಅರಿಷಿಣದ ದಿನದ ಜಂಪರಿನ ಹಳದಿ.
ಅದೇ ಬುಟ್ಟಿ, ಅದೇ ಜರಿ.
ತುಂಡು ಉಳೀಲಿಲ್ಲ ಅಂದಿದ್ದಿ."

ಸೂಜಿಗೆ ದಾರ ಪೋಣಸ್ತಾ ಕುಂತೆ.
ಹಿತ್ತಲಾಗ ಪುಂಡಿ, ಕಡಿದಲ್ಲೆಲ್ಲಾ ಮೂರು ಮೂರು ಕವಲು,
ಚಿಗರಿ ಬಾಯಿ ಇಟ್ಟಷ್ಟೂ ಚಿಗುರು.
ಇದನ್ನ ಈಗ ಹೇಳಿ ಉಪಯೋಗಿಲ್ಲ.

ಆಕಿ ಭಾಳ ಹೊತ್ತು ಸುಮ್ಮನಿದ್ದಳು. ಆಮ್ಯಾಲ,
"ಓಡುವಾಗ ಛಲೋ ಕಾಣಸ್ತಿತ್ತು ಬಿಡು" ಅಂದಳು.
ಚೀಲದಿಂದ ಹೊಸಾ ಖಣ ತೆಗೆದು
ನನ್ನ ಮಡಿಲಿಗೆ ಒಗೆದಳು.

ಟೇಪು ಬಿಚ್ಚಿದೆ. ಎದಿ, ಭುಜ, ತೋಳು.
ಖಣ ಹಾಸಿ ಎರಡು ಸಲ ಅಳೆದೆ.
ಒಂದು ಗೇಣು ಉಳೀತದ.
ಹೇಳಿದೆ.